ಗನ್ ಎತ್ತೋ ಮುಂಚೆ ಲೆಕ್ಕ: ಪ್ರಾಕ್ಟಿಕಲ್ ಶೂಟಿಂಗ್‌ನಲ್ಲಿ ನಮ್ಮದೇ ಸ್ಟೇಜ್ ಪ್ಲಾನ್

ಶೂಟಿಂಗ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಒಲಿಂಪಿಕ್ಸ್. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚಿನ ಪದಕ ಗೆದ್ದಾಗ ನಾವೆಲ್ಲ ಮೊಬೈಲ್ ಹಿಡ್ಕೊಂಡು ನೋಡಿದ್ವಿ. 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ ನಿಲ್ಲೋ ಜಾಗ ಒಂದೇ, ಗುರಿಯ ದೂರ ಒಂದೇ. 60 ಗುಂಡು ಹೊಡೆಯೋಕೆ 75 ನಿಮಿಷ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ನಡೆಯೋ ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯ ನೋಡಿದವರಿಗೂ ಗೊತ್ತು: ಕಾಯಿ ಅಲ್ಲೇ ಇರುತ್ತೆ, ಹೊಡೆಯೋರು ಇಲ್ಲೇ ನಿಂತಿರ್ತಾರೆ.

ಪ್ರಾಕ್ಟಿಕಲ್ ಶೂಟಿಂಗ್ ಹಾಗಲ್ಲ. ಇಲ್ಲಿ ಶೂಟರ್ ಓಡ್ತಾನೆ, ಗೋಡೆಯ ಮರೆಯಿಂದ ಇಣುಕ್ತಾನೆ, ಕಿಟಕಿಯಲ್ಲಿ ಬಗ್ಗಿ ಹೊಡೀತಾನೆ, ಓಡ್ತಾ ಓಡ್ತಾ ಮ್ಯಾಗಜೀನ್ ಬದಲಾಯಿಸ್ತಾನೆ. 20 ಸೆಕೆಂಡಿನಲ್ಲಿ ಎಲ್ಲ ಮುಗಿದುಹೋಗುತ್ತೆ. ಆದ್ರೆ ಆ 20 ಸೆಕೆಂಡಿನ ಫಲಿತಾಂಶ ಅದಕ್ಕೂ ಮುಂಚಿನ ಕೆಲವು ನಿಮಿಷಗಳಲ್ಲಿ, ಬರಿಗೈಯಲ್ಲಿ ಸ್ಟೇಜ್ ಸುತ್ತಾಡುವಾಗಲೇ ಬಹುಪಾಲು ತೀರ್ಮಾನ ಆಗಿರುತ್ತೆ. ಎಲ್ಲಿ ನಿಲ್ಲಬೇಕು, ಯಾವ ಗುರಿ ಮೊದಲು, ಎಲ್ಲಿ ರೀಲೋಡ್ ಅನ್ನೋದನ್ನ ಯಾರೂ ಹೇಳಿಕೊಡಲ್ಲ, ಅದು ನಿಮ್ಮದೇ ತೀರ್ಮಾನ. ಆ ಪ್ಲಾನ್ ಮಾಡೋದು ಹೇಗೆ ಅನ್ನೋದೇ ಈ ಲೇಖನ. ಎಂಜಿನಿಯರಿಂಗ್ ಓದೋರಿಗೆ ಇದು ಹಿಡಿಸುತ್ತೆ, ಯಾಕಂದ್ರೆ ಇದು ಅಪ್ಪಟ ಆಪ್ಟಿಮೈಸೇಶನ್ ಲೆಕ್ಕ.

ಮೊದಲು ಆಟದ ಪರಿಚಯ

1975ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೀತು, ಗೆದ್ದವರು ಅಮೆರಿಕದ ರೇ ಚಾಪ್‌ಮನ್. ಮರುವರ್ಷ, 1976ರಲ್ಲಿ, ಅಮೆರಿಕದ ಮಿಸ್ಸೌರಿ ರಾಜ್ಯದ ಕೊಲಂಬಿಯಾದಲ್ಲಿ ಸೇರಿದ ಸಭೆಯಲ್ಲಿ ಇಂಟರ್‌ನ್ಯಾಷನಲ್ ಪ್ರಾಕ್ಟಿಕಲ್ ಶೂಟಿಂಗ್ ಕಾನ್ಫೆಡರೇಶನ್ ಹುಟ್ಟಿತು. ಚಿಕ್ಕದಾಗಿ ಐಪಿಎಸ್‌ಸಿ. ಮೊದಲ ಅಧ್ಯಕ್ಷ ಜೆಫ್ ಕೂಪರ್. ಸಂಸ್ಥೆಯ ಧ್ಯೇಯವಾಕ್ಯ ಮೂರು ಲ್ಯಾಟಿನ್ ಪದಗಳು: ಡಿಲಿಜೆಂಶಿಯಾ, ವಿಸ್, ಸೆಲೆರಿಟಾಸ್. ಅಂದ್ರೆ ನಿಖರತೆ, ಶಕ್ತಿ, ವೇಗ. ಮೂರೂ ಸಮತೋಲನದಲ್ಲಿರಬೇಕು ಅನ್ನೋದು ಆಶಯ.

ಒಂದು ಪಂದ್ಯದಲ್ಲಿ ಹಲವು ಸ್ಟೇಜ್‌ಗಳಿರುತ್ತವೆ. ಸಣ್ಣ ಸ್ಟೇಜ್‌ಗೆ ಹೆಚ್ಚೆಂದರೆ 12 ಗುಂಡು, ಮಧ್ಯಮಕ್ಕೆ 24, ದೊಡ್ಡದಕ್ಕೆ 32. ಗುರಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ರಟ್ಟಿನ ಟಾರ್ಗೆಟ್, ಅದಕ್ಕೆ ಸಾಮಾನ್ಯವಾಗಿ ಎರಡು ಗುಂಡು ಬೀಳಬೇಕು. ಇನ್ನೊಂದು ಕಬ್ಬಿಣದ್ದು, ಪಾಪರ್ ಅಂತಾರೆ, ಒಂದು ಗುಂಡಿಗೆ ಬಿದ್ದರೆ ಸಾಕು, ಆದ್ರೆ ಬೀಳಲೇಬೇಕು. ಇವುಗಳ ಮಧ್ಯೆ ‘ನೋ-ಶೂಟ್’ ಅನ್ನೋ ಬೇರೆ ಬಣ್ಣದ ರಟ್ಟು ಇಟ್ಟಿರ್ತಾರೆ, ಅದಕ್ಕೆ ತಾಗಿಸಿದ್ರೆ ದಂಡ.

ರಟ್ಟಿನ ಮೇಲೆ ಎ, ಸಿ, ಡಿ ಅಂತ ಮೂರು ವಲಯ. ನಡುವಿನ ಎ ವಲಯಕ್ಕೆ ಎಲ್ಲರಿಗೂ 5 ಅಂಕ. ಸಿ ಮತ್ತು ಡಿಗೆ ಎಷ್ಟು ಅನ್ನೋದು ನಿಮ್ಮ ಗುಂಡಿನ ‘ಪವರ್ ಫ್ಯಾಕ್ಟರ್’ ಮೇಲೆ. ಗುಂಡಿನ ತೂಕವನ್ನ (ಗ್ರೇನ್ ಲೆಕ್ಕದಲ್ಲಿ) ವೇಗದಿಂದ (ಸೆಕೆಂಡಿಗೆ ಅಡಿ) ಗುಣಿಸಿ 1000ದಿಂದ ಭಾಗಿಸಿದ್ರೆ ಬರೋ ಸಂಖ್ಯೆ ಅದು. 124 ಗ್ರೇನ್ ಗುಂಡು 1050 ಅಡಿ ವೇಗದಲ್ಲಿ ಹೋದ್ರೆ 130.2. ಗಮನಿಸಿ, ಇದು ಚಲನಶಕ್ತಿ ಅಲ್ಲ, ಮೊಮೆಂಟಮ್. 125 ದಾಟಿದ್ರೆ ‘ಮೈನರ್’, ಇನ್ನೂ ಮೇಲಿನ ಮಿತಿ ದಾಟಿದ್ರೆ ‘ಮೇಜರ್’. ಮೇಜರ್‌ನಲ್ಲಿ ಸಿಗೆ 4, ಡಿಗೆ 2. ಮೈನರ್‌ನಲ್ಲಿ ಸಿಗೆ 3, ಡಿಗೆ 1. ಗುರಿ ತಪ್ಪಿದ್ರೆ ಮೈನಸ್ 10. ನೋ-ಶೂಟ್‌ಗೆ ತಾಗಿದ್ರೆ ಮೈನಸ್ 10. ಸ್ಟೇಜಿನ ನಿಯಮ ಮುರಿದ್ರೂ ಮೈನಸ್ 10. ಈ ಲೇಖನದ ಲೆಕ್ಕವೆಲ್ಲ ಮೈನರ್‌ನದ್ದೇ ಅಂತ ಇಟ್ಕೊಳ್ಳೋಣ.

ಒಂದು ಸೆಕೆಂಡಿನ ಬೆಲೆ ಎಷ್ಟು?

ಪೂರ್ತಿ ಆಟ ನಿಂತಿರೋದು ಒಂದು ಭಾಗಾಕಾರದ ಮೇಲೆ. ಗಳಿಸಿದ ಅಂಕವನ್ನ ತಗೊಂಡ ಸೆಕೆಂಡಿನಿಂದ ಭಾಗಿಸಬೇಕು. ಬರೋದು ‘ಹಿಟ್ ಫ್ಯಾಕ್ಟರ್’. ಯಾರ ಹಿಟ್ ಫ್ಯಾಕ್ಟರ್ ಅತಿ ಹೆಚ್ಚೋ ಅವರಿಗೆ ಆ ಸ್ಟೇಜಿನ ಪೂರ್ತಿ ಅಂಕ, ಉಳಿದವರಿಗೆ ಅದರ ಪ್ರಮಾಣದಲ್ಲಿ. 110 ಅಂಕದ ಸ್ಟೇಜಿನಲ್ಲಿ ಗೆದ್ದವರದ್ದು 6, ನಿಮ್ಮದು 4.5 ಅಂದ್ರೆ ನಿಮಗೆ ಶೇಕಡಾ 75, ಅಂದ್ರೆ 82.5.

ಇದರಿಂದ ಸಿಗೋ ಮುಖ್ಯವಾದ ವಿಷಯ ಒಂದಿದೆ. ನಿಮ್ಮ ಹಿಟ್ ಫ್ಯಾಕ್ಟರ್ 5 ಅಂದ್ರೆ ಒಂದು ಸೆಕೆಂಡಿನ ಬೆಲೆ ಸುಮಾರು 5 ಅಂಕ. ಉದಾಹರಣೆಗೆ 110 ಅಂಕ, 22 ಸೆಕೆಂಡ್: ಹಿಟ್ ಫ್ಯಾಕ್ಟರ್ 5. ಈಗ ನಾಲ್ಕು ಗುಂಡು ಎ ಬದಲು ಸಿಗೆ ಬಿದ್ವು ಅಂತ ಇಟ್ಕೊಳ್ಳಿ. 8 ಅಂಕ ಹೋಯ್ತು, ಉಳಿದದ್ದು 102. ಅದೇ 5 ಉಳಿಸ್ಕೋಬೇಕಂದ್ರೆ 20.4 ಸೆಕೆಂಡಿನಲ್ಲಿ ಮುಗಿಸಬೇಕು. 8 ಅಂಕಕ್ಕೆ 1.6 ಸೆಕೆಂಡ್. ಅಂದ್ರೆ ಒಂದು ಸಿಯನ್ನ ಎ ಮಾಡೋಕೆ 0.4 ಸೆಕೆಂಡಿಗಿಂತ ಕಡಿಮೆ ಸಾಕಾದ್ರೆ ಆ ಸಮಯ ಕೊಡಿ. ಜಾಸ್ತಿ ಬೇಕು ಅಂದ್ರೆ ಸಿ ತಗೊಂಡು ಮುಂದೆ ಹೋಗಿ.

ಗುರಿ ಪೂರ್ತಿ ತಪ್ಪಿದ್ರೆ? ಸಿಗಬೇಕಿದ್ದ 5 ಹೋಯ್ತು, ಮೇಲೆ 10 ದಂಡ. ಒಟ್ಟು 15 ಅಂಕ, ಅಂದ್ರೆ 3 ಸೆಕೆಂಡ್. ಇನ್ನೊಂದು ಗುಂಡು ಹೊಡೆಯೋಕೆ ಅರ್ಧ ಸೆಕೆಂಡ್ ಸಾಕು. ಹಾಗಾಗಿ ತಪ್ಪಿದ್ದು ಗೊತ್ತಾದ ಕ್ಷಣವೇ ಇನ್ನೊಂದು ಹೊಡೀಬೇಕು, ಅದರಲ್ಲಿ ಯೋಚನೆ ಮಾಡೋಕೆ ಏನೂ ಇಲ್ಲ.

ಯೂಟ್ಯೂಬ್ ಚಾಂಪಿಯನ್ನಿನ ಪ್ಲಾನ್ ನಮಗೆ ಯಾಕೆ ಆಗಲ್ಲ

ಹೊಸಬರು ಮಾಡೋ ಮೊದಲ ಕೆಲಸ, ಗುಂಪಿನಲ್ಲಿ ಚೆನ್ನಾಗಿ ಹೊಡೆಯೋರು ಯಾರು ಅಂತ ನೋಡಿ ಅವರ ಪ್ಲಾನನ್ನೇ ಎತ್ಕೊಳ್ಳೋದು. ಲ್ಯಾಬ್ ರೆಕಾರ್ಡ್ ಕಾಪಿ ಮಾಡಿದ ಹಾಗೆ. ಇದು ಯಾಕೆ ನಷ್ಟ ಅಂತ ಲೆಕ್ಕದಲ್ಲೇ ನೋಡೋಣ.

ಎರಡು ರಟ್ಟಿನ ಟಾರ್ಗೆಟ್‌ಗಳು ನಿಂತ ಜಾಗದಿಂದಲೇ 20 ಮೀಟರ್ ದೂರದಲ್ಲಿ ಕಾಣ್ತವೆ. ಕೆಲವು ಹೆಜ್ಜೆ ಮುಂದೆ ಓಡಿದ್ರೆ 8 ಮೀಟರ್‌ನಿಂದ ಹೊಡೀಬಹುದು. ಪಳಗಿದ ಶೂಟರ್ ಒಬ್ಬರ ಹಿಟ್ ಫ್ಯಾಕ್ಟರ್ 8 ಅಂತ ಇಟ್ಕೊಳ್ಳಿ. ದೂರದಿಂದ ನಾಲ್ಕು ಗುಂಡಿಗೆ 2 ಸೆಕೆಂಡ್, ಅದರಲ್ಲಿ ಒಂದು ಸಿ. ಆ ಸಿಯ ಬೆಲೆ 0.25 ಸೆಕೆಂಡ್. ಒಟ್ಟು 2.25. ಓಡಿಹೋಗಿ ಹೊಡೆದ್ರೆ ಓಟಕ್ಕೆ 1.6, ಗುಂಡಿಗೆ 1.2, ಎಲ್ಲ ಎ. ಒಟ್ಟು 2.8. ಅವರಿಗೆ ನಿಂತಲ್ಲೇ ಹೊಡೆಯೋದು ಲಾಭ.

ಈಗ ಹೊಸಬ, ಹಿಟ್ ಫ್ಯಾಕ್ಟರ್ 3. ದೂರದಿಂದ ನಾಲ್ಕು ಗುಂಡಿಗೆ 4 ಸೆಕೆಂಡ್, ಒಂದು ಸಿ, ಒಂದು ಮಿಸ್. ಹೋದ ಅಂಕ 17. ಅವನ ಲೆಕ್ಕದಲ್ಲಿ ಅದು 5.7 ಸೆಕೆಂಡ್. ಒಟ್ಟು 9.7. ಓಡಿಹೋದ್ರೆ ಓಟಕ್ಕೆ 2.5, ಗುಂಡಿಗೆ 2.4, ಒಂದು ಸಿಗೆ 0.7. ಒಟ್ಟು 5.6. ಚಾಂಪಿಯನ್ನಿನ ಪ್ಲಾನ್ ಕಾಪಿ ಮಾಡಿದ್ದಕ್ಕೆ ಬಿದ್ದ ಬೆಲೆ ನಾಲ್ಕು ಸೆಕೆಂಡ್!

ಇಲ್ಲಿ ಎರಡು ಕಾರಣ ಸೇರ್ಕೊಂಡಿವೆ. ಒಂದು, ದೂರದ ಗುರಿಯಲ್ಲಿ ಹೊಸಬನ ಕೈ ಅಷ್ಟು ಸ್ಥಿರ ಇಲ್ಲ. ಎರಡನೇದು ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳಲ್ಲ: ಹಿಟ್ ಫ್ಯಾಕ್ಟರ್ ಕಡಿಮೆ ಇದ್ದಷ್ಟೂ ಒಂದೊಂದು ಅಂಕದ ಬೆಲೆ ಸೆಕೆಂಡಿನಲ್ಲಿ ಜಾಸ್ತಿ. ಹಾಗಾಗಿ ನಿಧಾನದವರು ಅಂಕ ಕಾಪಾಡ್ಕೋಬೇಕು. ಆದ್ರೆ ನಡೆಯೋದು ಉಲ್ಟಾ, ಹೊಸಬರೇ ವೇಗದ ಹಿಂದೆ ಬಿದ್ದು ಅಂಕ ಚೆಲ್ಲಿಬಿಡ್ತಾರೆ.

ಅದಕ್ಕೇ ಪ್ಲಾನ್ ಮಾಡೋಕೆ ಮುಂಚೆ ನಿಮ್ಮ ನಂಬರ್‌ಗಳು ನಿಮಗೆ ಗೊತ್ತಿರಬೇಕು. ಬೀಪ್‌ನಿಂದ ಮೊದಲ ಗುಂಡಿಗೆ ಎಷ್ಟು ಸಮಯ, ನಿಂತು ರೀಲೋಡ್ ಮಾಡೋಕೆ ಎಷ್ಟು, 5 ಮೀಟರ್ ಓಡಿ ಮತ್ತೆ ಗುರಿ ಹಿಡಿಯೋಕೆ ಎಷ್ಟು, 20 ಮೀಟರ್‌ನಲ್ಲಿ ಹತ್ತರಲ್ಲಿ ಎಷ್ಟು ಎ. ಅಭ್ಯಾಸದಲ್ಲಿ ಟೈಮರ್ ಇಟ್ಟು ಅಳೆದು ಬರೆದಿಟ್ಕೊಳ್ಳಿ. ಡೇಟಾ ಇಲ್ಲದೆ ಡಿಸೈನ್ ಮಾಡಿದ್ರೆ ಏನಾಗುತ್ತೆ ಅಂತ ನಮಗೆ ಬೇರೆ ಹೇಳಬೇಕಾಗಿಲ್ಲ.

ಒಂದು ಸ್ಟೇಜ್, ಒಂದು ಪ್ಲಾನ್

ಈಗ ಒಂದು ಕಾಲ್ಪನಿಕ ಸ್ಟೇಜ್ ಕಟ್ಟೋಣ. ಎಡ, ಮಧ್ಯ, ಬಲ ಅಂತ ಮೂರು ಜಾಗ, ಒಂದರಿಂದ ಇನ್ನೊಂದಕ್ಕೆ ಸುಮಾರು 5 ಮೀಟರ್. ಎಡಗಡೆಯಿಂದ ಮೂರು ರಟ್ಟು, ಒಂದು ಪಾಪರ್: 7 ಗುಂಡು. ಮಧ್ಯದಿಂದ ಮೂರು ರಟ್ಟು, ಎರಡು ಪಾಪರ್: 8 ಗುಂಡು. ಬಲದಿಂದ ಮೂರು ರಟ್ಟು, ಒಂದು ಪಾಪರ್: 7 ಗುಂಡು. ಒಟ್ಟು 22 ಗುಂಡು, 110 ಅಂಕ. ನೀವು ಪ್ರೊಡಕ್ಷನ್ ವಿಭಾಗದಲ್ಲಿದ್ದೀರಿ, ಗನ್‌ನಲ್ಲಿ 15 ಗುಂಡು.

ಮೊದಲ ಹೆಜ್ಜೆ, ಎಣಿಸೋದು. ರೇಂಜ್ ಆಫೀಸರ್ ಬ್ರೀಫಿಂಗ್ ಓದುವಾಗ ಒಟ್ಟು ಎಷ್ಟು ಗುಂಡು ಅಂತ ಹೇಳ್ತಾರೆ. ಸ್ಟೇಜ್ ಸುತ್ತುವಾಗ ನಿಮ್ಮ ಎಣಿಕೆಯೂ ಅಷ್ಟೇ ಬರಬೇಕು. ಬರಲಿಲ್ಲ ಅಂದ್ರೆ ಯಾವುದೋ ಟಾರ್ಗೆಟ್ ಡ್ರಮ್ ಹಿಂದೆ ಅಡಗಿ ಕೂತಿದೆ ಅಂತ ಅರ್ಥ. ಒಂದು ರಟ್ಟನ್ನ ಪೂರ್ತಿ ಮರೆತುಬಿಟ್ರೆ ಸಿಗಬೇಕಿದ್ದ 10, ಎರಡು ಮಿಸ್‌ಗೆ 20, ಆ ಗುರಿಗೆ ಗುಂಡೇ ಹೊಡೆಯದ್ದಕ್ಕೆ ಇನ್ನೊಂದು 10. ಒಟ್ಟು 40 ಅಂಕ! ಹಿಟ್ ಫ್ಯಾಕ್ಟರ್ 5ರಲ್ಲಿ 8 ಸೆಕೆಂಡ್. ಎಷ್ಟೇ ಜೋರಾಗಿ ಓಡಿದ್ರೂ ಅದು ವಾಪಸ್ ಬರಲ್ಲ.

ಎರಡನೇ ಹೆಜ್ಜೆ, ಯಾವುದು ಎಲ್ಲಿಂದ ಕಾಣುತ್ತೆ ಅಂತ ನೋಡೋದು. ಒಂದು ಉಪಾಯ ಇದೆ. ಟಾರ್ಗೆಟ್ ಹತ್ತಿರಕ್ಕೇ ಹೋಗಿ ನಿಂತು ಹಿಂದಿರುಗಿ ನೋಡಿ. ಅಲ್ಲಿಂದ ಶೂಟರ್ ನಿಲ್ಲೋ ಯಾವ ಜಾಗ ಕಾಣುತ್ತೋ ಅಲ್ಲಿಂದ ಅದನ್ನ ಹೊಡೀಬಹುದು. ನಮ್ಮ ಸ್ಟೇಜಿನಲ್ಲಿ ಮಧ್ಯದ ಒಂದು ರಟ್ಟು ಎಡಗಡೆಯಿಂದಲೂ ಕಾಣುತ್ತೆ ಅಂತ ಇಟ್ಕೊಳ್ಳಿ, ಆದ್ರೆ 18 ಮೀಟರ್ ದೂರ, ಅರ್ಧ ನೋ-ಶೂಟ್ ಮರೆಯಲ್ಲಿ. ಮಧ್ಯದಿಂದ ಅದೇ ಗುರಿ 7 ಮೀಟರ್. ಹೇಗಿದ್ರೂ ಮಧ್ಯಕ್ಕೆ ಹೋಗಲೇಬೇಕು, ಹಾಗಾಗಿ ಅಲ್ಲಿಂದಲೇ ಹೊಡೀರಿ. ದೂರದಿಂದ ಹೊಡೆದ್ರೆ ಒಂದು ಜಾಗಕ್ಕೆ ಹೋಗೋದೇ ತಪ್ಪುತ್ತೆ ಅನ್ನೋ ಹಾಗಿದ್ರೆ ಮಾತ್ರ ಆ ಕಷ್ಟದ ಗುರಿಯ ಬಗ್ಗೆ ಯೋಚನೆ ಮಾಡಬೇಕು.

ಮೂರನೇದು ರೀಲೋಡ್. 22 ಗುಂಡಿಗೆ ಒಂದು ರೀಲೋಡ್ ಸಾಕು ಅನ್ಸುತ್ತೆ, ಅಲ್ವಾ? ಮಧ್ಯ ಮುಗಿಸಿ ಬಲಕ್ಕೆ ಹೋಗ್ತಾ ಮಾಡಿದ್ರೆ ಮೊದಲ 15 ಗುಂಡಿನಲ್ಲಿ 15 ಹೊಡೀಬೇಕು. ಒಂದೂ ಹೆಚ್ಚುವರಿ ಇಲ್ಲ. ಎಡದಿಂದ ಮಧ್ಯಕ್ಕೆ ಹೋಗ್ತಾ ಮಾಡಿದ್ರೂ ಅಷ್ಟೇ, ಉಳಿದ 15ಕ್ಕೆ 15. ಮೂರು ಪಾಪರ್‌ಗಳಲ್ಲಿ ಒಂದು ತಪ್ಪಿದ್ರೂ ಕೊನೆಯ ಗುಂಡಿಗೆ ಗನ್ ಖಾಲಿ, ನಿಂತಲ್ಲೇ ರೀಲೋಡ್. ಅದಕ್ಕೆ 2 ಸೆಕೆಂಡ್ ಅಂದ್ರೂ 10 ಅಂಕ ಹೋಯ್ತು.

ಈಗ ಎರಡೂ ಓಟದಲ್ಲಿ ರೀಲೋಡ್ ಮಾಡಿ ನೋಡಿ. 5 ಮೀಟರ್ ಓಡೋಕೆ ಸುಮಾರು 2 ಸೆಕೆಂಡ್ ಬೇಕೇ ಬೇಕು. ಆ ಹೊತ್ತಿಗೆ ಗನ್‌ಗೆ ಬೇರೆ ಕೆಲಸವೂ ಇಲ್ಲ. ರೀಲೋಡ್ ಆ ಓಟದ ಒಳಗೇ ಮುಗಿದುಹೋದ್ರೆ ಅದರ ಖರ್ಚು ಸೊನ್ನೆ. ಎಡದಲ್ಲಿ 7 ಬೇಕು, ಇರೋದು 15. ಮಧ್ಯದಲ್ಲಿ 8 ಬೇಕು, ಇರೋದು 15. ಬಲದಲ್ಲಿ 7 ಬೇಕು, ಇರೋದು 15. ಅರ್ಧ ತುಂಬಿದ ಮ್ಯಾಗಜೀನ್ ನೆಲಕ್ಕೆ ಬಿಸಾಕೋಕೆ ಹೊಸಬರಿಗೆ ಮನಸ್ಸು ಬರಲ್ಲ. ಬಿಸಾಕಿ, ಸ್ಟೇಜ್ ಮುಗಿದ ಮೇಲೆ ಎತ್ಕೊಂಡ್ರಾಯ್ತು.

ನಾಲ್ಕನೇದು ದಿಕ್ಕು. ಎಡದಿಂದ ಬಲಕ್ಕೋ, ಬಲದಿಂದ ಎಡಕ್ಕೋ? ಇದರಲ್ಲಿ ಸಮಯಕ್ಕಿಂತ ದೊಡ್ಡ ವಿಷಯ ಇದೆ. ಗನ್ನಿನ ಬಾಯಿ ಯಾವಾಗಲೂ ಗುರಿಗಳ ಕಡೆಗೇ ಇರಬೇಕು. ಎರಡೂ ಪಕ್ಕಕ್ಕೆ 90 ಡಿಗ್ರಿ ದಾಟಿ ಹಿಂದೆ ಬಂದ್ರೆ ಪೂರ್ತಿ ಪಂದ್ಯದಿಂದಲೇ ಹೊರಗೆ. ಯಾಕೆ ಇಷ್ಟು ಕಟ್ಟುನಿಟ್ಟು ಅಂದ್ರೆ ಹಿಂದೆ ನಿಂತಿರೋದು ರೇಂಜ್ ಆಫೀಸರ್, ನಿಮ್ಮ ಗುಂಪಿನವರು, ಅಂಕ ಬರೆಯೋರು. ಬಲಗೈಯವರು ಎಡಕ್ಕೆ ಓಡುವಾಗ ಮೈ ಎಡಕ್ಕೆ ತಿರುಗುತ್ತೆ. ರೀಲೋಡ್ ಮಾಡೋಕೆ ಗನ್ ಹತ್ತಿರ ಎಳ್ಕೊಂಡು ಓರೆ ಮಾಡಿದಾಗ ಅದರ ಬಾಯಿ ಸಹಜವಾಗಿಯೇ ಎಡಕ್ಕೆ ವಾಲುತ್ತೆ. ಎರಡೂ ಸೇರಿದ್ರೆ 90 ದಾಟೋದು ಕಣ್ಣುಮುಚ್ಚಿ ತೆಗೆಯೋದ್ರೊಳಗೆ ಆಗಿಹೋಗುತ್ತೆ. ಬಲಕ್ಕೆ ಓಡುವಾಗ ಅದೇ ಓರೆ ಗನ್ನನ್ನ ಗುರಿಗಳ ಕಡೆಗೇ ಇಟ್ಟಿರುತ್ತೆ. ಹಾಗಾಗಿ ಬಲಗೈಯವರಿಗೆ ನಮ್ಮ ಸ್ಟೇಜ್ ಎಡದಿಂದ ಬಲಕ್ಕೆ, ಎಡಗೈಯವರಿಗೆ ಬಲದಿಂದ ಎಡಕ್ಕೆ. ಸ್ಟೇಜ್ ಒಂದೇ, ಪ್ಲಾನ್ ಎರಡು. ಅನಿವಾರ್ಯವಾಗಿ ಉಲ್ಟಾ ದಿಕ್ಕಿಗೆ ಹೋಗಬೇಕಾಗಿ ಬಂದ್ರೆ ಅಲ್ಲಿ ಅರ್ಧ ಸೆಕೆಂಡ್ ಜಾಸ್ತಿ ಹೋಗಲಿ, ಗನ್ನಿನ ಬಾಯಿ ಎಲ್ಲಿದೆ ಅನ್ನೋದಷ್ಟೇ ತಲೆಯಲ್ಲಿರಲಿ. ಓಡುವಾಗ ಬೆರಳು ಟ್ರಿಗರ್ ಗಾರ್ಡ್‌ನಿಂದ ಹೊರಗಿರಬೇಕು ಅನ್ನೋದೂ ಇಷ್ಟೇ ಕಟ್ಟುನಿಟ್ಟು.

ಐದನೇದು, ಚಲಿಸೋ ಗುರಿ. ಮಧ್ಯದ ಒಂದು ಪಾಪರ್ ಬಿದ್ದಾಗ ಒಂದು ರಟ್ಟು ಲೋಲಕದ ಹಾಗೆ ತೂಗಾಡೋಕೆ ಶುರು ಮಾಡುತ್ತೆ ಅಂತ ಇಟ್ಕೊಳ್ಳಿ. ಮಧ್ಯಕ್ಕೆ ಬಂದ ತಕ್ಷಣ ಮೊದಲು ಆ ಪಾಪರ್ ಹೊಡೀರಿ. ಅದು ಬೀಳೋಕೆ ಹೊತ್ತು ಬೇಕು, ಆ ಹೊತ್ತಿನಲ್ಲಿ ಪಕ್ಕದ ನಿಂತ ರಟ್ಟಿಗೆ ಎರಡು ಗುಂಡು. ಆಮೇಲೆ ತೂಗಾಡೋದಕ್ಕೆ ಬನ್ನಿ. ಪಿಯುಸಿಯ ಫಿಸಿಕ್ಸ್ ಇಲ್ಲಿ ಕೆಲಸಕ್ಕೆ ಬರುತ್ತೆ: ಲೋಲಕದ ವೇಗ ನಡುವಲ್ಲಿ ಅತಿ ಹೆಚ್ಚು, ತುದಿಯಲ್ಲಿ ಸೊನ್ನೆ. ತುದಿಯಲ್ಲಿ ಕಾಯ್ತಾ ಇರಿ, ಗುರಿ ತಾನಾಗಿ ಬಂದು ನಿಂತಾಗ ಹೊಡೀರಿ. ಅದರ ಹಿಂದೆ ಗನ್ ಓಡಿಸಬೇಡಿ.

ಒಮ್ಮೆ ಕಂಡು ಪೂರ್ತಿ ಮರೆಯಾಗಿಬಿಡೋ ಗುರಿಗಳೂ ಇರ್ತವೆ. ಅಂಥವಕ್ಕೆ ಸಾಮಾನ್ಯವಾಗಿ ಮಿಸ್ ದಂಡ ಇಲ್ಲ, ಆದ್ರೆ ಅದನ್ನ ಚಾಲೂ ಮಾಡೋ ಕೆಲಸ ಮಾತ್ರ ಮಾಡಿರಲೇಬೇಕು. ಅದರ ಎರಡು ಗುಂಡಿಗೆ 10 ಅಂಕ, ಹಿಟ್ ಫ್ಯಾಕ್ಟರ್ 5ರಲ್ಲಿ 2 ಸೆಕೆಂಡ್. ಕಾಯೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕಾದ್ರೆ ಬಿಟ್ಟು ಹೋಗೋದೇ ಜಾಣತನ.

ಪ್ಲಾನ್ ತಲೆಗೆ ಇಳಿಸೋದು

ಕಾಗದದ ಮೇಲೆ ಪ್ಲಾನ್ ಚೆನ್ನಾಗಿದ್ರೆ ಸಾಲದು. ಬೀಪ್ ಆದ ಮೇಲೆ ಯೋಚನೆ ಮಾಡೋಕೆ ಸಮಯ ಇರಲ್ಲ. ಸ್ಟೇಜ್ ನೋಡೋಕೆ ಗುಂಪಿಗೆ ಕೊಡೋದು ಕೆಲವೇ ನಿಮಿಷ. ಆ ಹೊತ್ತಿನಲ್ಲಿ ಕೈಯನ್ನೇ ಗನ್ ಮಾಡ್ಕೊಂಡು ಗಾಳಿಯಲ್ಲಿ ಗುರಿ ಹಿಡೀತಾ ಓಡಾಡೋರನ್ನ ನೋಡಿದ್ರೆ ಮೊದಲ ಸಲ ನಗು ಬರುತ್ತೆ. ಆದ್ರೆ ನಿಯಮದ ಪ್ರಕಾರ ಬರಿಗೈ ಬಿಟ್ಟು ಬೇರೆ ಏನನ್ನೂ ಬಳಸೋ ಹಾಗಿಲ್ಲ, ಆಟಿಕೆ ಗನ್ ಕೂಡ ಇಲ್ಲ.

ಪಾದ ಎಲ್ಲಿ ಊರಬೇಕು ಅಂತ ನೆಲದ ಮೇಲೆ ಗುರುತು ಹಿಡ್ಕೊಳ್ಳಿ: ಒಂದು ಕಲ್ಲು, ಫಾಲ್ಟ್ ಲೈನ್ ಮರದಲ್ಲಿನ ಒಂದು ಗಂಟು, ಒಂದು ಹುಲ್ಲಿನ ಗುಪ್ಪೆ. ಅರ್ಧ ಅಡಿ ಆಚೀಚೆ ಆದ್ರೆ ಗೋಡೆಯಂಚಿನ ಟಾರ್ಗೆಟ್ ಕಾಣದೇ ಹೋಗಬಹುದು. ಆಮೇಲೆ ಪಕ್ಕಕ್ಕೆ ಬಂದು ಕಣ್ಣು ಮುಚ್ಚಿ ಪೂರ್ತಿ ಸ್ಟೇಜನ್ನ ಮನಸ್ಸಲ್ಲೇ ಓಡಿಸಿ, ಒಂದೊಂದು ಗುಂಡೂ ಲೆಕ್ಕಕ್ಕೆ ಬರಬೇಕು. ಎಲ್ಲಾದ್ರೂ ‘ಆಮೇಲೆ ಯಾವುದು?’ ಅಂತ ತಡವರಿಸಿದ್ರೆ ಪ್ಲಾನ್ ಇನ್ನೂ ತಲೆಗೆ ಇಳಿದಿಲ್ಲ. ತಡವರಿಸದೆ ನಾಲ್ಕೈದು ಸಲ ಓಡೋವರೆಗೂ ಬಿಡಬೇಡಿ. ಬೇರೆಯವರು ಹೊಡೆದ ಮೇಲೆ ರಟ್ಟಿಗೆ ತೇಪೆ ಅಂಟಿಸೋದು, ಪಾಪರ್ ಎತ್ತಿ ನಿಲ್ಲಿಸೋದು ಗುಂಪಿನ ಎಲ್ಲರ ಕೆಲಸ. ಆದ್ರೆ ಮುಂದಿನ ಸರದಿಯವರಿಗೆ ಸಾಮಾನ್ಯವಾಗಿ ಅದರಿಂದ ವಿನಾಯಿತಿ ಕೊಡ್ತಾರೆ. ಆ ಹೊತ್ತು ಇದಕ್ಕೇ ಅಂತ ಇರೋದು, ಹರಟೆಗಲ್ಲ.

ನಿಮ್ಮ ಮುಂಚಿನವರು ಬೇರೆ ಥರ ಹೊಡೆದು ಚೆನ್ನಾಗಿ ಮಾಡಿದ್ರು ಅಂತ ಕೊನೇ ಗಳಿಗೆಯಲ್ಲಿ ಪ್ಲಾನ್ ಬದಲಾಯಿಸಬೇಡಿ. ಐವತ್ತು ಸಲ ತಲೆಯಲ್ಲಿ ಓಡಿಸಿದ ಸಾಧಾರಣ ಪ್ಲಾನ್, ಎರಡು ನಿಮಿಷದ ಹಿಂದೆ ಹೊಳೆದ ಅದ್ಭುತ ಪ್ಲಾನ್‌ಗಿಂತ ಎಷ್ಟೋ ಮೇಲು. ಅದರ ಜೊತೆಗೆ ಒಂದೇ ಒಂದು ಪ್ಲಾನ್ ಬಿ ಇರಲಿ: ಪಾಪರ್ ಮೂರು ಗುಂಡಿಗೂ ಬೀಳಲಿಲ್ಲ ಅಂದ್ರೆ ಎಲ್ಲಿ ರೀಲೋಡ್ ಮಾಡ್ತೀನಿ? ಅದಕ್ಕಿಂತ ಜಾಸ್ತಿ ಪ್ಲಾನ್‌ಗಳು ತಲೆಯಲ್ಲಿದ್ರೆ ಒಂದೂ ನೆನಪಿರಲ್ಲ.

‘ಸ್ಟ್ಯಾಂಡ್‌ಬೈ’ ಅಂದು ಬೀಪ್ ಆದ ಮೇಲೆ ಅಂಕ, ಸೆಕೆಂಡ್, ಹಿಟ್ ಫ್ಯಾಕ್ಟರ್ ಯಾವುದೂ ಬೇಡ. ಲೆಕ್ಕ ಮುಗಿದಿದೆ. ಆಗ ನೋಡಬೇಕಾದ್ದು ಮುಂದಿರೋ ಒಂದು ಗುರಿ, ಆಮೇಲೆ ಅದರ ಪಕ್ಕದ್ದು.

ನಮ್ಮ ಕಡೆಯ ಮಾತು

ಭಾರತದಲ್ಲಿ 9 ಎಂಎಂ ಪ್ಯಾರಾಬೆಲಮ್ ಗನ್‌ಗಳು ಸಾಮಾನ್ಯ ನಾಗರಿಕರಿಗೆ ನಿಷಿದ್ಧ ಬೋರ್. ವಿಡಿಯೊಗಳಲ್ಲಿ ಕಾಣೋ ಈ ಆಟ ಅದೇ ರೂಪದಲ್ಲಿ ನಮ್ಮ ಕೈಗೆ ಸುಲಭಕ್ಕೆ ಸಿಗಲ್ಲ. ಓದೋಕೆ ಅಥವಾ ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋದವರಿಗೆ ಅಲ್ಲಿನ ಕ್ಲಬ್‌ಗಳಲ್ಲಿ ಅವಕಾಶ ಸಿಗಬಹುದು. ಕೆಲವು ದೇಶಗಳಲ್ಲಿ ಪ್ಲಾಸ್ಟಿಕ್ ಗುಂಡಿನ ಏರ್‌ಸಾಫ್ಟ್ ಗನ್‌ನಲ್ಲಿ ಆಡೋ ‘ಆಕ್ಷನ್ ಏರ್’ ಅನ್ನೋ ರೂಪವೂ ಇದೆ, ಸ್ಟೇಜ್ ಪ್ಲಾನ್ ಅದಕ್ಕೂ ಇದೇ. ಮೊದಲ ಪಂದ್ಯಕ್ಕೆ ಹೋಗೋರು ಗೆಲ್ಲೋ ಯೋಚನೆ ಬಿಟ್ಟು, ಸುರಕ್ಷತಾ ನಿಯಮ ಒಂದೂ ಮುರಿಯದೆ, ಎಲ್ಲ ಗುರಿಗೂ ಗುಂಡು ಹೊಡೆದು ಮುಗಿಸ್ತೀನಿ ಅಂತ ಪ್ಲಾನ್ ಮಾಡಿ. ಅಷ್ಟಾದ್ರೆ ಅದು ಒಳ್ಳೆ ಪಂದ್ಯ.

ಕೊನೆಗೆ ಒಂದು ಹೋಮ್‌ವರ್ಕ್. ಕ್ಲಾಸಿಕ್ ಅನ್ನೋ ವಿಭಾಗದಲ್ಲಿ ಮೇಜರ್ ಹೊಡೆಯೋರಿಗೆ ಮ್ಯಾಗಜೀನ್‌ಗೆ 8 ಗುಂಡು ಮಾತ್ರ. ಮೇಲಿನ ಸ್ಟೇಜನ್ನೇ ಆ 8 ಗುಂಡಿನಲ್ಲಿ ಪ್ಲಾನ್ ಮಾಡಿ ನೋಡಿ. ಎಡದಲ್ಲಿ 7, ಬಲದಲ್ಲಿ 7, ಅಲ್ಲೆಲ್ಲ ಒಂದು ಗುಂಡು ಉಳಿಯುತ್ತೆ. ಮಧ್ಯದಲ್ಲಿ 8ಕ್ಕೆ 8, ಅದೂ ಎರಡು ಪಾಪರ್ ಮತ್ತು ತೂಗಾಡೋ ರಟ್ಟಿನ ಜೊತೆ. ಈಗ ಎಡದಿಂದ ಕಾಣೋ ಆ 18 ಮೀಟರ್‌ನ ಅರ್ಧ ಮರೆಯ ಗುರಿ ನೆನಪಿಸ್ಕೊಳ್ಳಿ. ಎಡದಲ್ಲಿ ಉಳಿದ ಒಂದು ಗುಂಡನ್ನ ಅದಕ್ಕೆ ಹೊಡೆದು, ಮಧ್ಯದಲ್ಲಿ ಒಂದು ಗುಂಡಿನ ಉಸಿರು ತಗೋತೀರಾ? ಇಲ್ಲಾ ಮಧ್ಯದಲ್ಲೇ ನಿಂತು ರೀಲೋಡ್ ಮಾಡೋ ಅಪಾಯ ಒಪ್ಕೋತೀರಾ? ಉತ್ತರ ನಿಮ್ಮ ಕೈ 18 ಮೀಟರ್‌ನಲ್ಲಿ ಎಷ್ಟು ಸ್ಥಿರ ಅನ್ನೋದರ ಮೇಲಿದೆ. ನಿಮ್ಮ ನಂಬರ್ ಹಾಕಿ ಲೆಕ್ಕ ಮಾಡಿ, ಪಕ್ಕದವರ ಉತ್ತರ ಬೇರೆ ಬಂದ್ರೆ ಗಾಬರಿ ಆಗಬೇಡಿ.